ಎಪ್ಪತ್ತಕ್ಕೇರದ ಮುಳ್ಳು

ಕಚೇರಿಯಿಂದ ಬಂದ ನಮೂನೆಯಲ್ಲಿ ಹನ್ನೊಂದು ಅಂಕಣಗಳಿದ್ದವು. ಹೆಸರು, ವಯಸ್ಸು, ಊರು, ಮಾಡುವ ಕೆಲಸ, ಅದನ್ನು ಕಲಿಯಲು ಹಿಡಿದ ದಿನಗಳು, ಕಲಿಸಿದವರು ಯಾರು, ಓದುಬರಹ ಉಂಟೇ, ಬಾಯಿಮಾತಿನ ಆಜ್ಞೆ ತಿಳಿಯುತ್ತದೆಯೇ, ಅಳತೆ ಓದಬಲ್ಲನೇ, ಯಂತ್ರದ ಸ್ಥಿತಿ, ಕೊನೆಯಲ್ಲಿ ಷರಾ. ಪ್ರತಿ ಆಳಿಗೂ ಒಂದು ಹಾಳೆ. ನಾನು ಆಗ ಯಲಬುರ್ಗಾ ಕಡೆಯ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಎರಡನೇ ಮಹಾಯುದ್ಧ ನಡೆದಿತ್ತು. ಕಾರಖಾನೆಗಳಿಗೆ ಯಂತ್ರ ಬಲ್ಲ ಆಳುಗಳು ಬೇಕಾಗಿದ್ದರು. ಹೊಲಗೆಲಸ ಬಿಟ್ಟರೆ ಬೇರೇನೂ ಅರಿಯದ, ಅಕ್ಷರ ಬಾರದ ದೊಡ್ಡವರನ್ನು ಎಷ್ಟು ತಿಂಗಳಲ್ಲಿ ಯಂತ್ರದ ಮುಂದೆ ನಿಲ್ಲಿಸಬಹುದು, ಅಕ್ಷರ ಕಲಿತವನು ಕಲಿಯದವನಿಗಿಂತ ಬೇಗ ಯಂತ್ರ ಹಿಡಿಯುತ್ತಾನೆಯೇ ಎಂಬುದನ್ನು ಹೈದರಾಬಾದಿನ ಕಚೇರಿಯೊಂದು ತಿಳಿಯಬಯಸಿತ್ತು. ಉರ್ದು, ಕನ್ನಡ ಎರಡನ್ನೂ ಬರೆಯಬಲ್ಲವನೆಂದು ನನ್ನನ್ನು ಆರಿಸಿ ಕೊಪ್ಪಳದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ ಕಳಿಸಿದರು.

ಸ್ಟೇಶನ್ನಿನಿಂದ ಸ್ವಲ್ಪ ದೂರದಲ್ಲಿ, ಸುತ್ತ ಕಲ್ಲಿನ ಗೋಡೆ ಕಟ್ಟಿದ ಆವರಣ ಅದು. ಉದ್ದನೆಯ ತಗಡಿನ ಛಾವಣಿಯ ಕೆಳಗೆ ಎರಡು ಸಾಲು ಜಿನ್‌ಗಳು. ಒಂದೊಂದರ ಮುಂದೆ ಒಬ್ಬ ಹೆಣ್ಣುಮಗಳು ಕೂತು ಹತ್ತಿ ಉಣಿಸುತ್ತಿದ್ದಳು. ಕಾಳು ಕೆಳಗೆ ಬಿದ್ದು ಅರಳೆ ಮುಂದಕ್ಕೆ ಹೋಗುತ್ತಿತ್ತು. ಎಲ್ಲವನ್ನೂ ತಿರುಗಿಸಲು ಒಂದೇ ಉಗಿ ಎಂಜಿನ್. ಆ ಎಂಜಿನ್ನಿಗೆ ಉಗಿ ಕೊಡುವ ಬಾಯ್ಲರ್ ಪಕ್ಕದ ಕೋಣೆಯಲ್ಲಿತ್ತು. ಕೊನೆಯ ಜಿನ್ನಿಗೂ ಬಾಯ್ಲರಿಗೂ ನಡುವೆ ಒಂದು ಗೋಡೆ ಮಾತ್ರ.

ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲೇ ಹೋಗಿ ಅದರ ಸ್ಥಿತಿ ಬರೆದುಕೊಳ್ಳಬೇಕು. ಆಮೇಲೆ ಒಬ್ಬೊಬ್ಬ ಆಳಿನ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತು, ಅವನ ಕೈ ಯಾವಾಗ ಏನು ಮಾಡುತ್ತದೆ ಎಂದು ದಾಖಲಿಸಬೇಕು. ಮಧ್ಯಾಹ್ನ ಬುತ್ತಿಯ ಹೊತ್ತು ಮುಗಿದ ಮೇಲೆ ಆರಿಸಿದ ಹತ್ತು ಗಂಡಾಳುಗಳಿಗೆ ಬೇವಿನ ನೆರಳಲ್ಲಿ ಅಕ್ಷರ ಮತ್ತು ಅಂಕಿ ಕಲಿಸಬೇಕು. ಕನ್ನಡದಲ್ಲೇ ಕಲಿಸಲು ಬಾಯಿಮಾತಿನ ಒಪ್ಪಿಗೆ ಸಿಕ್ಕಿತ್ತು. ಹೆಂಗಸರಿಗೆ ಬೇರೆಬೇರೆ ಹಾಳೆ ಬೇಡ, ಎಲ್ಲರಿಗೂ ಸೇರಿಸಿ ಒಂದೇ ಸಾಲು ಸಾಕು ಎಂದು ಸೂಚನೆಯಲ್ಲಿತ್ತು. ನಾನು ಹಾಗೆಯೇ ಬರೆದೆ: ‘ನಲವತ್ತು ಹೆಂಗಸರು. ಕುಶಲತೆ ಬೇಡದ ಕೆಲಸ.’

ಹತ್ತು ಮಂದಿಯಲ್ಲಿ ಬಾಯ್ಲರಿಗೆ ಜಾಲಿ ಕಟ್ಟಿಗೆ ತಂದು ಒಟ್ಟುವವನು ಎಲ್ಲರಿಗಿಂತ ಚುರುಕಾಗಿದ್ದ. ಮೂವತ್ತರ ಆಸುಪಾಸಿನ ಮನುಷ್ಯ, ಕನಕಗಿರಿ ಕಡೆಯವನು, ಮನೆಯಲ್ಲಿ ಹೆಂಡತಿ ಮತ್ತು ಮೂರು ಮಕ್ಕಳು. ಮೂರನೇ ವಾರಕ್ಕೆ ತನ್ನ ಹೆಸರು ಬರೆದ. ಐದನೇ ವಾರಕ್ಕೆ ನೂರರವರೆಗೆ ಅಂಕಿ ಓದಿದ. ಕಟ್ಟಿಗೆ ಹೊರುವಾಗ ಚೀಲದ ಮೇಲಿನ ಗುರುತನ್ನೂ ಗೋಡೆಯ ಮೇಲಿನ ಬರಹವನ್ನೂ ಕೂಡಿಸಿಕೊಂಡು ಓದುತ್ತ ಹೋಗುತ್ತಿದ್ದ. ಅವನನ್ನು ನೋಡಿದಾಗ ನನಗೆ ಹೆಮ್ಮೆಯಾಗುತ್ತಿತ್ತು. ಕಚೇರಿಗೆ ಬೇಕಾದ ಉತ್ತರ ನನ್ನ ಕಣ್ಣ ಮುಂದೆಯೇ ನಡೆದಾಡುತ್ತಿದೆ ಎನ್ನಿಸುತ್ತಿತ್ತು.

ಬಾಯ್ಲರ್ ನೋಡಿಕೊಳ್ಳುವವನು ಅರವತ್ತು ದಾಟಿದ ಮುದುಕ. ಎಲ್ಲರೂ ಅವನನ್ನು ಅಜ್ಜ ಎನ್ನುತ್ತಿದ್ದರು. ಅವನು ಅಕ್ಷರದ ತರಗತಿಗೆ ಬರಲಿಲ್ಲ. ಮಾತು ಕಡಿಮೆ. ದಿನವೂ ಬಾಯ್ಲರಿಗೆ ಕುಂಕುಮ ಹಚ್ಚಿ, ಕೈಮುಗಿದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದ. ಒಳಗೆ ಹಾಸುಗಲ್ಲಿನ ಮೇಲೆ ಒಂದೇ ಜಾಗದಲ್ಲಿ ನಿಂತು, ಆಗಾಗ ನೀರಿನ ಕೊಳವೆಯ ಮೇಲೆ ಅಂಗೈ ಇಟ್ಟು ತೆಗೆಯುತ್ತಿದ್ದ. ‘ಯಾರು ಕಲಿಸಿದರು’ ಎಂದು ಕೇಳಿದರೆ ಯಾರೂ ಇಲ್ಲ ಎಂದ. ‘ಎಷ್ಟು ದಿನ ಹಿಡಿಯಿತು’ ಎಂದರೆ ಇನ್ನೂ ಕಲಿಯುತ್ತಿದ್ದೇನೆ ಎಂದ. ಅಂಕಣಕ್ಕೆ ಹೊಂದುವ ಉತ್ತರ ಒಂದೂ ಸಿಗಲಿಲ್ಲ. ಷರಾದಲ್ಲಿ ‘ಯಂತ್ರದ ಬಗ್ಗೆ ಮೂಢಭಕ್ತಿ’ ಎಂದು ಬರೆದೆ.

ಆರನೇ ವಾರ ಬಾಯಿಮಾತಿನ ಆಜ್ಞೆಯ ಪರೀಕ್ಷೆ ಇತ್ತು. ಬೇವಿನ ಕೆಳಗೆ ಮೇಜಿನ ಮೇಲೆ ನಟ್ಟು ಬಿಗಿಸುವ ಪಾನಾ ಮೊದಲಾದ ನಾಲ್ಕಾರು ಸಾಮಾನು ಇಟ್ಟು, ಸಣ್ಣ ಪಾನಾ ಎತ್ತಿ ಬಟ್ಟೆಯ ಕೆಳಗಿಡು, ಎಣ್ಣೆಯ ಡಬ್ಬಿಯನ್ನು ಎಡಕ್ಕೆ ಸರಿಸು ಎಂದು ಓದಿ ಹೇಳುವುದು. ಮೊದಲ ದಿನ ಅಜ್ಜ ಒಂದರಲ್ಲೂ ತಪ್ಪಲಿಲ್ಲ. ಎರಡನೇ ದಿನ ಗಾಳಿ ಬೀಸಿ ಅಂಗಳದ ತುಂಬ ಅರಳೆಯ ಧೂಳೆದ್ದಿತ್ತು. ನಾನು ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಓದಿದೆ. ಅಜ್ಜ ಅಲುಗಾಡಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಅವನು ನನ್ನ ಟವೆಲನ್ನೇ ನೋಡುತ್ತ ನಿಂತಿದ್ದ. ಆ ನೋಟದಲ್ಲಿದ್ದದ್ದು ಹೆದರಿಕೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಟವೆಲ್ ಇಳಿಸಿ ಅದನ್ನೇ ಮೆಲ್ಲಗೆ ಹೇಳಿದೆ. ಕೂಡಲೇ ಪಾನಾ ಎತ್ತಿದ.

ಬಾಯ್ಲರ್ ಕಾಯುವವನಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದ. ಎಷ್ಟು ವರ್ಷದಿಂದಲೋ ಯಾರಿಗೂ ಗೊತ್ತಾಗದಂತೆ ನಡೆಸಿಕೊಂಡು ಬಂದಿದ್ದ.

ಆ ಸಂಜೆ ಫ್ಯಾಕ್ಟರಿ ಬಿಟ್ಟಾಗ ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ನನಗಾಗಿ ನಿಂತಿದ್ದಳು. ಅಜ್ಜನ ಮಗಳು. ಗಂಡ ಸತ್ತ ಮೇಲೆ ತಂದೆಯ ಮನೆಗೆ ಬಂದು, ಗೋಡೆಗೆ ಹತ್ತಿದ ಕೊನೆಯ ಜಿನ್ನಿನ ಮೇಲೆ ಕೆಲಸ ಮಾಡುತ್ತಿದ್ದಳು. ತಲೆಯ ಮೇಲಿನ ಸೆರಗಿನಲ್ಲೆಲ್ಲ ಅರಳೆ ಹತ್ತಿಕೊಂಡಿತ್ತು.

“ಮಾಸ್ತರ್ರ, ಅದನ್ನ ಬರೀಬ್ಯಾಡ್ರಿ” ಎಂದಳು. “ಅಪ್ಪಗ ಕಿವಿ ಕೇಳೂದಿಲ್ಲ, ಖರೆ. ಆದ್ರ ಬಾಯ್ಲರ ಅವಗ ಗೊತ್ತೈತ್ರಿ.”

“ನಲವತ್ತು ಮಂದಿ ಹೆಣ್ಮಕ್ಕಳು ಅದೀರವ್ವಾ ಒಳಗ. ಗ್ವಾಡಿಗೆ ಹತ್ತಿ ನೀನ ಕುಂದರ್ತಿ” ಎಂದೆ.

“ಅದಕ್ಕ ಹೇಳಾಕತ್ತೀನ್ರಿ.”

ಆ ಮಾತಿನ ಅರ್ಥ ನನಗಾಗಲಿಲ್ಲ. ತಂದೆಯ ಕೆಲಸ ಹೋಗುವ ಭಯ ಎಂದುಕೊಂಡೆ. ಮರುದಿನ ಬರೆದೆ. ಆಮೇಲೆ ಎಷ್ಟೋ ಸಲ ಆ ಗಳಿಗೆಯನ್ನು ಮತ್ತೆ ನೆನೆದಿದ್ದೇನೆ. ಈಗಲೂ ಬರೆಯದೆ ಇರಬಹುದಿತ್ತು ಎಂದು ಹೇಳಲಾರೆ. ಆದರೆ ಬರೆಯುವ ಮೊದಲು ಅವಳನ್ನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು.

ಕಚೇರಿಗೆ ಕಳಿಸುವ ಮೊದಲು ಫ್ಯಾಕ್ಟರಿಯ ಮ್ಯಾನೇಜರರು ಆ ಹಾಳೆಯನ್ನು ಎರಡು ಸಲ ಓದಿದರು. ಓದುಬರಹ ಬಲ್ಲವರು ಇಂಥ ಜಾಗದಲ್ಲಿರಬೇಕೆಂದು ತಮಗೂ ಬಹಳ ದಿನದಿಂದ ಅನ್ನಿಸಿತ್ತು ಎಂದರು. ಯಾರು ಯೋಗ್ಯರು ಎಂದು ಕೇಳಿದರು. ಕಟ್ಟಿಗೆಯವನ ಹೆಸರು ಹೇಳಿದೆ. ಆರು ವರ್ಷದಿಂದ ಅದೇ ಕೋಣೆಯಲ್ಲಿ ಉರಿ ಹಾಕುವುದನ್ನು ನೋಡಿದವನು, ಅಳತೆ ಓದಬಲ್ಲ, ಮಾತು ಕೇಳಬಲ್ಲ. ಮೇಜಿನ ಖಾನೆಯಿಂದ ಬಾಯ್ಲರಿನ ಹಳೆಯ ಇಂಗ್ಲಿಷ್ ಪುಸ್ತಿಕೆ ತೆಗೆದು, ಅದರಲ್ಲಿದ್ದ ನಿಯಮಗಳನ್ನು ಕನ್ನಡದಲ್ಲಿ ಒಂದು ಹಲಗೆಯ ಮೇಲೆ ಬರೆದುಕೊಡಲು ಕೇಳಿದರು. ದೊಡ್ಡ ಅಕ್ಷರದಲ್ಲಿ, ಹೊಸಬನಿಗೆ ತಿಳಿಯುವಂತೆ ಬರೆದೆ. ಮೂರನೇ ಸಾಲು ಹೀಗಿತ್ತು: ‘ಮುಳ್ಳು ಎಪ್ಪತ್ತಕ್ಕೆ ಬರುವವರೆಗೆ ಉರಿ ಹಾಕಬೇಕು.’

ಅಜ್ಜ ತಕರಾರು ಮಾಡಲಿಲ್ಲ. ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಬಂದ. ಬಾಗಿಲಲ್ಲಿ ನಿಂತು ಹೊಸಬನ ಕಾಲು ನೋಡಿ, “ಚಪ್ಪಲಿ ಬಿಟ್ಟು ನಿಂದ್ರು” ಎಂದ. ಕಟ್ಟಿಗೆಯವನು ನನ್ನ ಕಡೆ ನೋಡಿ ನಕ್ಕ. ಕಿಡಿ ಸಿಡಿಯುವ ಜಾಗದಲ್ಲಿ ಚಪ್ಪಲಿ ಇರಲಿ ಎಂದು ನಾನೇ ಹೇಳಿದೆ.

ಮರುದಿನ ಯಲಬುರ್ಗಾಕ್ಕೆ ಹೊರಟೆ. ತನಿಖೆಯ ಎರಡನೇ ಭಾಗ ಅಲ್ಲಿನ ಕಂಬಳಿ ನೇಯುವವರ ನಡುವೆ ನಡೆಯಬೇಕಿತ್ತು.

ಅಲ್ಲಿ ನಾಲ್ಕನೇ ದಿನ ಬೆಳಿಗ್ಗೆ, ಸಾಲೆಯ ಕಟ್ಟೆಯ ಮೇಲೆ ಕೂತು, ಕೊಪ್ಪಳದ ಹಾಳೆಗಳನ್ನು ಶುದ್ಧಪ್ರತಿ ಮಾಡುತ್ತಿದ್ದೆ. ಅಂಕಣ ಅಂಕಣವಾಗಿ ಉರ್ದುವಿಗೆ ಇಳಿಸುವ ಕೆಲಸ. ಮನಸ್ಸು ಬೇರೆ ಎಲ್ಲೋ ಇದ್ದರೂ ಕೈ ನಡೆಯುತ್ತದೆ. ಹತ್ತನೇ ಅಂಕಣಕ್ಕೆ ಬಂದೆ. ಯಂತ್ರದ ಸ್ಥಿತಿ. ಬಾಯ್ಲರಿನ ಗೇಜು, ಎಂದರೆ ಒಳಗೆ ಉಗಿಯ ಒತ್ತಡ ಎಷ್ಟಿದೆ ಎಂದು ಮುಳ್ಳಿನಿಂದ ತೋರಿಸುವ ಗಡಿಯಾರದಂಥ ಸಾಧನ, ದಿನವೂ ತೋರಿಸಿದ್ದನ್ನು ಬರೆದುಕೊಂಡಿದ್ದೆ. ಮೊದಲ ದಿನ ಅರವತ್ತು. ಎರಡನೇ ದಿನ ಅರವತ್ತು. ಮುಂದಿನ ವಾರ ಅರವತ್ತು. ಬರೆಯುತ್ತ ಬರೆಯುತ್ತ ಒಂದು ಸಾಲಿನ ಹತ್ತಿರ ಲೆಕ್ಕಣಿಕೆ ನಿಂತಿತು. ‘ಸಂತೆಯ ಮರುದಿನ. ಬೆಳಿಗ್ಗೆ. ಉರಿ ಹಚ್ಚುವ ಮೊದಲು. ಅರವತ್ತು.’

ಸಂತೆಯ ದಿನ ಫ್ಯಾಕ್ಟರಿ ಬಂದ್. ಆ ಬೆಳಿಗ್ಗೆ ಬಾಯ್ಲರ್ ತಣ್ಣಗಿತ್ತು. ಅಜ್ಜ ಅದರ ಹೊಟ್ಟೆಗೆ ಕೈಯಿಟ್ಟು ಕುಂಕುಮ ಹಚ್ಚಿದ್ದನ್ನು ನಾನೇ ಕಂಡಿದ್ದೆ. ತಣ್ಣಗಿನ ಬಾಯ್ಲರಿನಲ್ಲಿ ಉಗಿ ಎಲ್ಲಿಂದ ಬರಬೇಕು? ಮುಳ್ಳು ಸೊನ್ನೆಯಲ್ಲಿರಬೇಕಿತ್ತು. ನಾನು ಅಂಕಿಯನ್ನು ಬರೆದುಕೊಂಡಿದ್ದೆ, ಆದರೆ ಅದನ್ನು ನೋಡಿರಲಿಲ್ಲ.

ಮುಳ್ಳು ಸತ್ತಿತ್ತು. ಅದು ಅರವತ್ತರಿಂದ ಮೇಲೇಳುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ. ಅದರ ಮುಂದೆ, ನಾನು ಓದು ಕಲಿಸಿದ ಮನುಷ್ಯನೊಬ್ಬ, ನಾನು ಬರೆದ ಹಲಗೆಯ ಕೆಳಗೆ ನಿಂತು, ಅದು ಎಪ್ಪತ್ತಕ್ಕೆ ಬರುವವರೆಗೆ ಉರಿ ಹಾಕುತ್ತಿದ್ದ.

ಸಾಲೆಯ ಹೆಡ್‌ಮಾಸ್ತರರ ಸೈಕಲ್ ಕೇಳಿ ಪಡೆದು ತಳಕಲ್ ಸ್ಟೇಶನ್ನಿನ ದಾರಿ ಹಿಡಿದೆ. ಎರೆಹೊಲಗಳ ನಡುವಿನ ಗಾಡಿದಾರಿ. ಹತ್ತಿ ಬಿಡಿಸುವ ಕಾಲ. ಹೊಲದಲ್ಲಿ ಹೆಣ್ಣುಮಕ್ಕಳು ಬಾಗಿ ಕೆಲಸ ಮಾಡುತ್ತಿದ್ದರು. ಆ ಹತ್ತಿಯೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಎರಡು ಕಡೆ ಹಳ್ಳದ ಮರಳಿನಲ್ಲಿ ಸೈಕಲ್ ಹೊತ್ತುಕೊಂಡು ದಾಟಿದೆ. ಸ್ಟೇಶನ್ ಮುಟ್ಟಿದಾಗ ಹೊತ್ತು ನೆತ್ತಿಯ ಹತ್ತಿರ ಬಂದಿತ್ತು.

ಮಿಲಿಟರಿ ಸ್ಪೆಶಲ್ ಹಾಯಬೇಕಾದ್ದರಿಂದ ಪ್ಯಾಸೆಂಜರ್ ತಡವಾಗಿದೆ ಎಂದರು ಸ್ಟೇಶನ್ ಮಾಸ್ತರರು. ತಂತಿ ಕೊಡಲು ಕೇಳಿದೆ. ಅವರು ಒಳ್ಳೆಯ ಮನುಷ್ಯ. ರೈಲಿನ ಕೆಲಸದ ತಂತಿ ಬಿಟ್ಟು ಬೇರೆಯದನ್ನು ಸರದಿಯಲ್ಲೇ ಕಳಿಸಬೇಕು ಎಂದರೂ, ನನ್ನ ಮುಖ ನೋಡಿ ಮುಂದಕ್ಕೆ ಹಾಕಿದರು. ಗೇಜು ಸುಳ್ಳು, ಉರಿ ತೆಗೆಯಿರಿ ಎಂಬರ್ಥದ ನಾಲ್ಕು ಇಂಗ್ಲಿಷ್ ಶಬ್ದಗಳನ್ನು ಮ್ಯಾನೇಜರರ ಹೆಸರಿಗೆ ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಸ್ಪೆಶಲ್ ಗಾಡಿ ಹಾದುಹೋಯಿತು. ಮುಚ್ಚಿದ ಡಬ್ಬಿಗಳು ಒಂದರ ಹಿಂದೊಂದು, ಮುಗಿಯುವುದೇ ಇಲ್ಲವೇನೋ ಎಂಬಂತೆ. ಆಮೇಲೆ ಎಷ್ಟೋ ಹೊತ್ತಿಗೆ ನಮ್ಮ ಗಾಡಿ ಬಂತು.

ಕೊಪ್ಪಳ ಸಮೀಪಿಸಿದಾಗ ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ. ಕೋಟೆಯ ಗುಡ್ಡ ಕಾಣಿಸಿತು, ಅದರ ಈಚೆಗೆ ಫ್ಯಾಕ್ಟರಿಯ ಹೊಗೆ. ಅಜ್ಜನಿದ್ದಾಗ ಆ ಹೊಗೆ ತೆಳ್ಳಗೆ, ಬೂದಿ ಬಣ್ಣದಲ್ಲಿ ಏರುತ್ತಿತ್ತು. ಈಗ ಕಪ್ಪಗೆ, ಹಗ್ಗದ ಹಾಗೆ ದಪ್ಪವಾಗಿ ನಿಂತಿತ್ತು. ಹೊಗೆ ಇದೆ ಎಂದರೆ ಇನ್ನೂ ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಗೇಟಿನ ಹೊರಗೆ ಗೋಡೆಗೆ ಬೆನ್ನು ಹಚ್ಚಿ ಅಜ್ಜ ಕೂತಿದ್ದ. ಓಡುತ್ತಲೇ ಕೂಗಿದೆ, ಅವನು ತಿರುಗಲಿಲ್ಲ. ಹಾದು ಒಳಗೆ ಹೋದೆ. ಮ್ಯಾನೇಜರರು ಗದಗಿಗೆ ಹೋಗಿದ್ದರು. ನನ್ನ ತಂತಿ ಅವರ ಮೇಜಿನ ಮೇಲೆ, ಮಸಿಕುಡಿಕೆಯ ಕೆಳಗೆ, ಒಡೆಯದೆ ಬಿದ್ದಿತ್ತು.

ಬಾಯ್ಲರ್ ಕೋಣೆಯಲ್ಲಿ ಕಟ್ಟಿಗೆಯವನು ಬೆವರಿನಲ್ಲಿ ತೊಯ್ದು ನಿಂತಿದ್ದ. ನನ್ನನ್ನು ಕಂಡು ಅವನಿಗೆ ಸಮಾಧಾನವಾಯಿತು.

“ಛಲೋ ಆತು ಬಂದ್ರಿ, ಮಾಸ್ತರ್ರ. ಎಪ್ಪತ್ತಕ್ಕ ಏರಲೊಲ್ಲದ್ರಿ ಇದು. ಮುಂಜಾನಿಂದ ಕಟಗಿ ಹಾಕಾಕತ್ತೀನಿ, ಅರವತ್ತ ಬಿಟ್ಟು ಏಳವಲ್ದು.”

ಮೇಲಿನ ಕವಾಟ ಎಲ್ಲಿ ಎಂದು ಕೇಳಿದೆ. ಉಗಿ ಹೆಚ್ಚಾದರೆ ತಾನಾಗಿ ಎದ್ದು ಹೊರಗೆ ಬಿಡುವ ಕವಾಟವೊಂದು ಇರುತ್ತದೆ, ಅದರ ಸನ್ನೆಗೋಲಿಗೆ ಒಂದು ಕಬ್ಬಿಣದ ಗುಂಡು ತೂಗುಹಾಕಿರುತ್ತಾರೆ ಎಂಬಷ್ಟು ನಾನೂ ಕಲಿತಿದ್ದೆ. ಅವನು ಹೇಳಿದ್ದು ಇಷ್ಟು. ಮೊದಲ ಮೂರು ದಿನ ಕವಾಟ ಪದೇಪದೇ ಎದ್ದು ಉಗಿ ಚೆಲ್ಲುತ್ತಿತ್ತು. ಮುಳ್ಳು ಅರವತ್ತರಲ್ಲಿರುವಾಗಲೇ ಎದ್ದದ್ದರಿಂದ ಕವಾಟ ಕೆಟ್ಟಿದೆ ಎಂದು ಮ್ಯಾನೇಜರರು ತೀರ್ಮಾನಿಸಿ, ಈ ಬೆಳಿಗ್ಗೆ ಗದಗಿಗೆ ಹೋಗುವ ಮೊದಲು, ಗುಂಡಿನ ಜೊತೆಗೆ ರೈಲುಪಟ್ಟಿಯ ಒಂದು ತುಂಡನ್ನು ತಂತಿಯಿಂದ ಬಿಗಿಸಿದ್ದರು. ಆಮೇಲೆ ಅದು ಏಳಲಿಲ್ಲ.

ನಾನು ತಲೆಯೆತ್ತಿ ನೋಡಿದೆ. ಸನ್ನೆಗೋಲು ಸಣ್ಣಗೆ ನಡುಗುತ್ತಿತ್ತು. ಬಾಯ್ಲರಿನ ಸಂದುಗಳಲ್ಲಿ ಎಲ್ಲೋ ಒಂದು ಕಡೆ ನೀರು ಹನಿಯಾಗಿ ಮೂಡಿ, ಬೀಳುವ ಮೊದಲೇ ಆರುತ್ತಿತ್ತು.

ಎಂಜಿನ್ ನಿಲ್ಲಿಸಬೇಕು ಎಂದು ಆಚೆಗೆ ತಿರುಗಿದೆ. ಆಗ ಬಾಗಿಲಲ್ಲಿ ಅಜ್ಜನ ಮಗಳು ನಿಂತಿದ್ದಳು, ತಂದೆಯ ರಟ್ಟೆ ಹಿಡಿದು. ನಾನು ಓಡಿ ಬಂದದ್ದನ್ನು ಜಿನ್ನಿನಿಂದ ನೋಡಿ, ಗೇಟಿಗೆ ಹೋಗಿ ಅವನನ್ನು ಎಬ್ಬಿಸಿ ತಂದಿದ್ದಳು. ಅಜ್ಜ ಹೊಸ್ತಿಲು ದಾಟಿ ಎಡಗಾಲನ್ನು ಹಾಸುಗಲ್ಲಿನ ಮೇಲೆ ಊರಿದ. ಊರಿದವನು ಕೆಂಡ ತುಳಿದಂತೆ ಹಿಂದೆಗೆದ. ನನ್ನ ಕೈ ಹಿಡಿದ ಅವನ ಹಿಡಿತ ಇನ್ನೂ ನೆನಪಿದೆ.

“ಎಂಜಿನ್ ನಿಂದ್ರಸಬ್ಯಾಡ್ರಿ. ಅದು ಉಗಿ ಕುಡ್ಯಾಕತ್ತೈತಿ, ಕುಡೀಲಿ. ಮೊದಲ ಹೆಣ್ಮಕ್ಕಳನ್ನ ಹೊರಗ ಕಳಸ್ರಿ.”

ನಾನು ಎಂಜಿನ್ ನಿಲ್ಲಿಸಿದ್ದರೆ ಉಗಿಗೆ ಇದ್ದ ಒಂದೇ ದಾರಿಯೂ ಮುಚ್ಚುತ್ತಿತ್ತು.

ಜಿನ್‌ಗಳ ಸದ್ದಿನಲ್ಲಿ ಕೂಗು ಯಾರಿಗೂ ಮುಟ್ಟುತ್ತಿರಲಿಲ್ಲ. ಸಾಲಿನ ಉದ್ದಕ್ಕೂ ಹೋಗಿ ಒಬ್ಬೊಬ್ಬರ ಭುಜ ಮುಟ್ಟಿ ಬಾಗಿಲು ತೋರಿಸಿದೆ. ಕೆಲವರು ಬುಟ್ಟಿ ಎತ್ತಿಕೊಳ್ಳಲು ಬಗ್ಗಿದರು. ಬಿಡಿಸಿ ಕಳಿಸಿದೆ. ಕೊನೆಯವಳು ಹೊರಬಿದ್ದಳೆಂದು ತಿರುಗಿ ಬಂದಾಗ, ಕಟ್ಟಿಗೆಯವನು ಅಜ್ಜ ತೋರಿಸಿದಂತೆ ಉರಿಯ ಮೇಲೆ ಒದ್ದೆ ಬೂದಿ ಎರಚುತ್ತಿದ್ದ. ಅಜ್ಜ ಏಣಿ ಹತ್ತಿದ್ದ. ಕೈಯಲ್ಲಿ ಉದ್ದನೆಯ ಬಿದಿರಿನ ಗಳ. ಅದರ ತುದಿಯನ್ನು ರೈಲುಪಟ್ಟಿಯ ತುಂಡಿಗೆ ಸಿಕ್ಕಿಸಿ ಎತ್ತಲು ನೋಡಿದ. ತಂತಿ ಬಿಡಲಿಲ್ಲ. ಗಳ ಒಗೆದು, ಇನ್ನೊಂದು ಮೆಟ್ಟಿಲು ಹತ್ತಿ, ಕೈಯಿಂದಲೇ ತಂತಿಯ ಸುತ್ತು ಬಿಚ್ಚತೊಡಗಿದ. ನಾವು ಕೆಳಗಿನಿಂದ ಕೂಗಿದೆವು. ಅವನಿಗೆ ಕೇಳಿಸುವುದಿಲ್ಲ ಎಂಬುದು ಕೂಗಿದ ಮೇಲೆ ನೆನಪಾಯಿತು.

ತುಂಡು ಕೆಳಗೆ ಬಿತ್ತು. ಕವಾಟ ಎದ್ದಿತು. ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಕೋಣೆಯೆಲ್ಲ ಬಿಳಿಯಾಯಿತು. ಏಣಿಯ ಮೇಲಿದ್ದ ಮನುಷ್ಯ ಕಾಣಿಸಲಿಲ್ಲ. ಅವನು ಬಿದ್ದದ್ದು ನೆಲಕ್ಕೆ ಬಡಿದಾಗಲೇ ತಿಳಿದದ್ದು.

ಕಟ್ಟಿಗೆಯವನು ಅವನನ್ನು ತಬ್ಬಿ ಹೊರಗೆಳೆದ. ನಾನು ಹಿಂದೆಯೇ ಹೋಗುವವನಿದ್ದೆ. ಆಗ ಉಗಿಯ ಒಳಗಿನಿಂದ ಅವಳ ದನಿ ಬಂತು. ಅವಳು ಹೊರಗೆ ಹೋಗಿರಲಿಲ್ಲ. ಬಗ್ಗಿ, ಸೆರಗನ್ನು ಮುಖಕ್ಕೆ ಸುತ್ತಿಕೊಂಡು, ನೀರಿನ ಮಟ್ಟ ನೋಡುವ ಸಣ್ಣ ನಲ್ಲಿಗಳನ್ನು ಒಂದಾದ ಮೇಲೊಂದು ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದಳು.

“ನೀರ ಐತಿ. ಮಾಸ್ತರ್ರ, ಆ ಸರಪಳಿ ಜಗ್ಗ್ರಿ, ಹೊಗಿದಾರಿ ಮುಚ್ಚತೈತಿ. ಪೂರಾ ಬ್ಯಾಡ, ಅರ್ಧ.”

ಅರ್ಧ ಜಗ್ಗಿದೆ. ಅವಳು ಎಡಗಾಲನ್ನು ಹಾಸುಗಲ್ಲಿನ ಮೇಲೆ ಇಟ್ಟು ಕಣ್ಣುಮುಚ್ಚಿ ನಿಂತಳು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಹೇಳಲಾರೆ. ಕವಾಟದ ಭೋರ್ಗರೆತ ಇಳಿದು, ಸುಯ್ಯೆಂದು, ನಂತರ ಆಗೊಮ್ಮೆ ಈಗೊಮ್ಮೆ ಉಗುಳುವ ಹಾಗಾಯಿತು. ಆಗ ಅವಳು ಕಣ್ಣು ತೆರೆದು, ಇನ್ನು ಎಂಜಿನ್ ನಿಲ್ಲಿಸಬಹುದು ಎಂದು ಹೇಳಿ, ತಂದೆಯ ಹತ್ತಿರ ಹೋದಳು.

ಅಜ್ಜನ ಎರಡೂ ತೋಳು, ಎದೆ, ಮುಖದ ಒಂದು ಪಕ್ಕ ಬೆಂದಿದ್ದವು. ಊರಿನ ದವಾಖಾನೆಯಲ್ಲಿ ಎಂಟು ದಿನ ಇದ್ದ. ದಿನವೂ ಹೋಗಿ ಅವನ ಪಕ್ಕದಲ್ಲಿ ಕೂತೆ, ಅವನಿಗೆ ನನ್ನ ತುಟಿ ಕಾಣುವಂತೆ. ನಮೂನೆ ಒಯ್ಯಲಿಲ್ಲ. ಹೇಗೆ ಕಲಿತಿ ಎಂದಷ್ಟೇ ಕೇಳಿದೆ. ನೋವು ಕಡಿಮೆಯಿದ್ದಾಗ ಹೇಳಿದ. ಬಾಯ್ಲರಿಗೆ ನೀರು ತಳ್ಳುವ ಪಂಪು ಹಾಸುಗಲ್ಲಿನ ಆ ತುದಿಗೆ ಕೂತಿದೆ. ಒಳಗೆ ಉಗಿ ಎಷ್ಟು ಬಿಗಿಯಾಗಿರುತ್ತದೋ ಪಂಪು ಅಷ್ಟು ತಿಣುಕಿ ತಳ್ಳಬೇಕು. ಆ ಗುದ್ದು ಕಲ್ಲಿನಲ್ಲಿ ಹರಿದು ಬರುತ್ತದೆ. ಅರವತ್ತಕ್ಕೆ ಒಂದು ಗುದ್ದು, ಎಪ್ಪತ್ತಕ್ಕೆ ಇನ್ನೊಂದು. ಬಲಗಾಲು ಒಡೆದು ಜಡವಾದ್ದರಿಂದ ಎಡಗಾಲಿನಲ್ಲಿ ನೋಡುತ್ತಿದ್ದ. ಗೇಜು ಕೆಟ್ಟದ್ದನ್ನು ಹೇಳಿರಲಿಲ್ಲವೇ ಎಂದೆ.

“ಅದು ಸತ್ತು ಎರಡು ವರ್ಷ ಆತ್ರಿ. ಗುಮಾಸ್ತರಿಗೆ ಹೇಳೀನಿ. ಲಡಾಯಿ ಮುಗದ ಮ್ಯಾಲೆ ಬೊಂಬಾಯಿಂದ ಹೊಸಾದು ಬರ್ತೈತಿ ಅಂದ್ರು.”

ಕಿವಿ ಮಂದವಾಗತೊಡಗಿದಾಗ ಅವನು ಮಗಳನ್ನು ಗೋಡೆಯ ಪಕ್ಕದ ಜಿನ್ನಿಗೆ ಹಾಕಿಸಿಕೊಂಡಿದ್ದ. ಅವಳು ನೀರು ಕೊಡುವ ನೆಪದಲ್ಲಿ ಬಂದು, ಯಾವ ಸದ್ದು ಹೇಗಿದೆ ಎಂದು ಹೇಳುತ್ತಿದ್ದಳು. ಅವನು ಕಾಲಿನಿಂದ ತಿಳಿದದ್ದನ್ನು ಅವಳಿಗೆ ಹೇಳುತ್ತಿದ್ದ. ಎರಡು ವರ್ಷದಲ್ಲಿ ಇಬ್ಬರಿಗೂ ಎರಡೂ ಬಂದಿತ್ತು. ಅವನನ್ನು ಬಿಡಿಸಿದ ಮರುದಿನವೇ ಪಂಪಿನ ಸದ್ದು ಭಾರವಾಗಿದೆ ಎಂದು ಅವಳು ಕಟ್ಟಿಗೆಯವನಿಗೆ ಹೇಳಿದ್ದಳಂತೆ. ಮುಳ್ಳು ಅರವತ್ತರಲ್ಲೇ ಇದೆಯಲ್ಲ ಎಂದು ಅವನು ತೋರಿಸಿದ. ಗುಮಾಸ್ತನಿಗೆ ಹೇಳಿದಳು. ಜಿನ್ ಬಿಟ್ಟು ಯಾಕೆ ಬಂದಿ ಎಂದು ಅವನು ಗದರಿ ಕಳಿಸಿದ. ಬೇರೆ ದಾರಿ ತೋಚದೆ ತಂದೆಯನ್ನು ದಿನವೂ ಕರೆತಂದು ಗೇಟಿನ ಹೊರಗೆ ಕೂಡಿಸುತ್ತಿದ್ದಳು.

ಒಂಬತ್ತನೇ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವನು ತೀರಿಕೊಂಡಿದ್ದ.

ವಾರ ಬಿಟ್ಟು ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು, ವರದಿಯನ್ನು ಮತ್ತೆ ಬರೆಯುತ್ತಿದ್ದೇನೆ ಎಂದು ಹೇಳಿದೆ. ಹೆಂಗಸರ ಸಾಲು ಹೊಡೆದುಹಾಕಿ ಅವಳ ಹೆಸರಿನಲ್ಲಿ ಒಂದು ಹಾಳೆ ಮಾಡಬೇಕೆಂದಿದ್ದೆ. ಏನು ಬಲ್ಲಳು, ಹೇಗೆ ಕಲಿತಳು, ಆ ದಿನ ಏನು ಮಾಡಿದಳು ಎಲ್ಲವೂ ಅದರಲ್ಲಿರಬೇಕು. ಈ ಸಲ ಬರೆಯುವ ಮೊದಲು ಕೇಳಲು ಬಂದಿದ್ದೆ.

ಅವಳು ಒಳಗಿನಿಂದ ನೀರು ತಂದು ನನ್ನ ಮುಂದಿಟ್ಟಳು.

“ನನ್ನ ಹೆಸರು ಬ್ಯಾಡ್ರಿ” ಎಂದಳು. “ಬಾಯ್ಲರ ಕ್ವಾಣ್ಯಾಗ ಹೆಣಮಗಳು ಕಾಲಿಟ್ಟಾಳ ಅಂತ ಗೊತ್ತಾದ್ರ ನನ್ನ ಜಿನ್ನಿನ ಮ್ಯಾಲಿಂದ ಎಬ್ಬಸ್ತಾರ. ನಾ ಅಲ್ಲಿ ಇರಲಿಲ್ಲಂದ್ರ ಆ ಗ್ವಾಡಿಗೆ ಕಿವಿ ಕೊಡಾವ್ರು ಯಾರದಾರ್ರಿ?”

ಅವಳು ಹೇಳಿದಂತೆಯೇ ನಡೆಯುತ್ತದೆ ಎಂಬುದು ನನಗೆ ಗೊತ್ತಿತ್ತು. ಒಂದು ಸಲ ಬರೆದು ಏನಾಯಿತೆಂದು ಕಂಡಿದ್ದೆ. ಗೇಜು, ಹಲಗೆ, ಕವಾಟಕ್ಕೆ ಕಟ್ಟಿದ ತುಂಡು, ಅಜ್ಜ ಹೇಳಿದ ಪ್ರತಿಯೊಂದು ಮಾತು, ನನ್ನ ತಪ್ಪು, ಎಲ್ಲವನ್ನೂ ಬರೆದೆ. ಹೆಂಗಸರ ಸಾಲನ್ನು ಮುಟ್ಟಲಿಲ್ಲ. ನಲವತ್ತು ಹೆಂಗಸರು, ಕುಶಲತೆ ಬೇಡದ ಕೆಲಸ ಎಂಬುದು ನನ್ನ ಕೈಬರಹದಲ್ಲಿ, ಸುಳ್ಳೆಂದು ತಿಳಿದ ಮೇಲೂ, ಹಾಗೆಯೇ ಹೈದರಾಬಾದಿಗೆ ಹೋಯಿತು.

ಕಚೇರಿಯಿಂದ ಬಂದ ಉತ್ತರ ಸಂಕ್ಷಿಪ್ತವಾಗಿತ್ತು. ವರದಿ ಉಪಯುಕ್ತವಾಗಿದೆ, ಮೃತನ ಹೇಳಿಕೆಗಳು ನಮೂನೆಯ ಹೊರಗಿನವಾದ್ದರಿಂದ ಕೈಬಿಡಲಾಗಿದೆ ಎಂದಿತ್ತು. ಮ್ಯಾನೇಜರರನ್ನು ಯಾರೂ ಏನೂ ಕೇಳಲಿಲ್ಲ. ಬಾಯ್ಲರ್ ತಪಾಸಣೆಗೆ ಬಂದವರು ಗೇಜಿನ ಕೊಳವೆ ಬಿಚ್ಚಿದಾಗ ಅದರೊಳಗೆ ಸೌಳು ನೀರಿನ ಗಾರೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಕೆರೆದು ತೆಗೆದರು. ಮುಳ್ಳು ಮತ್ತೆ ಆಡತೊಡಗಿತು. ಬಾವಿ ಅದೇ, ನೀರು ಅದೇ.

ಮುಂದಿನ ಹಂಗಾಮಿನಲ್ಲಿ, ಗಂಗಾವತಿಗೆ ಹೋಗುವ ದಾರಿಯಲ್ಲಿ, ಕೊಪ್ಪಳದಲ್ಲಿ ಇಳಿದು ಫ್ಯಾಕ್ಟರಿಗೆ ಹೋದೆ. ಬಾಯ್ಲರ್ ಕೋಣೆಯ ಬಾಗಿಲ ಪಕ್ಕ ಆ ಬೆಳಿಗ್ಗೆಯಷ್ಟೇ ಒಂದು ಅಚ್ಚಿನ ಕಾಗದ ಅಂಟಿಸಿದ್ದರು. ಕೆಳಗೆ ಕನ್ನಡವೂ ಇತ್ತು. ಕಟ್ಟಿಗೆಯವನು ಬರಿಗಾಲಲ್ಲಿ ಅದರ ಮುಂದೆ ನಿಂತು, ಬೆರಳಿಟ್ಟು, ಒಂದೊಂದೇ ಶಬ್ದ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದ. ಓದುಬರಹ ಬಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದ ಗಂಡಾಳಿನ ಹೊರತು ಬೇರೆ ಯಾರೂ ಈ ಕೋಣೆಯನ್ನು ಪ್ರವೇಶಿಸಕೂಡದು. ಅಜ್ಜನ ಹೇಳಿಕೆ ತೆಗೆದರೆ ಉಳಿಯುವ ನನ್ನ ವರದಿಯ ಮಾತೇ ಬಹುಪಾಲು.

ಪಕ್ಕದಲ್ಲಿ ಅವಳು ನೀರಿನ ತಂಬಿಗೆ ಹಿಡಿದು, ಕೊನೆಯ ಅಕ್ಷರದವರೆಗೂ ತಾಳ್ಮೆಯಿಂದ ಕೇಳಿದಳು.

“ಓದೂದು ಮುಗೀತೇನು?” ಎಂದಳು.

“ಮುಗೀತವಾ.”

ಅವಳು ತಂಬಿಗೆ ಕೆಳಗಿಟ್ಟು ಹೊಸ್ತಿಲು ದಾಟಿದಳು.

“ಹಂಗಾರ ಒಳಗ ಬಾ, ನೀರ ನೋಡು. ಪಂಪು ಎರಡು ಸಲ ತಪ್ಪಿತು.”